ಕಚ್ಚುವ ಜಾಗ

ಗೆಥಿನ್ ಬಂದದ್ದು ಮಂಗಳವಾರ, ಶಟರು ಎಳೆಯುವ ಹೊತ್ತಿಗೆ.
"ಹೆಲೆದ್, ಕ್ರೈಮಿಯಾ ಘಟ್ಟ ಹತ್ತುವಾಗ ಐದನೇ ಗೇರಿನಲ್ಲಿ
ಸೂಜಿ ಒಂದೇ ಸಮ ಮೇಲೇರುತ್ತೆ,
ಕಾರು ಮಾತ್ರ ಇದ್ದ ವೇಗದಲ್ಲೇ ಇರುತ್ತೆ.
ಎಂಜಿನ್ನಿಗೇನೋ ಆಗಿದೆ."
ಎಂಜಿನ್ನಿಗೆ ಏನೂ ಆಗಿಲ್ಲ, ಮಾರಾಯ.
ಆಗಿರುವುದು ನಿನಗೆ.

ಹೋದ ಚಳಿಗಾಲ ರೆಕ್ಸಮ್ಮಿನಲ್ಲಿ ಯಾರಿಗೋ ದುಡ್ಡು ಸುರಿದು,
ಸ್ಟಿಯರಿಂಗಿನ ಕೆಳಗೆ ಲ್ಯಾಪ್‌ಟಾಪಿನ ತಂತಿ ಚುಚ್ಚಿಸಿ
ಟರ್ಬೊಗೆ ಇನ್ನಷ್ಟು ಊದಲು ಕಲಿಸಿ,
ನೂರೆಂಬತ್ತು ಕುದುರೆಯ ಲಾಯಕ್ಕೆ
ಇನ್ನೂರ ಅರವತ್ತು ತುಂಬಿಸಿಕೊಂಡು ಬಂದೆ.
ಕುದುರೆಗಳನ್ನೇನೋ ಎಣಿಸಿದೆ.
ಗಾಡಿಗೆ ಬಿಗಿಯುವ ಹಗ್ಗ ಹಳೆಯದೇ.

ಬುಧವಾರ ಇಡೀ ದಿನ ಅದರ ಅಡಿಯಲ್ಲಿ.
ಬ್ಯಾಟರಿ ತೆಗೆದು, ಎರಡೂ ಗಾಲಿಯ ದಂಡ ಕಳಚಿ
ಎಂಜಿನ್ನನ್ನು ಮೇಲಿಂದ ತೊಟ್ಟಿಲಿನಂತೆ ತೂಗಿಬಿಟ್ಟು
ಒಂದೊಂದೇ ಬೋಲ್ಟು.
ಕೊನೆಯದು ಯಾವತ್ತೂ ಕಣ್ಣಿಗೆ ಕಾಣದ ಕಡೆಯಲ್ಲೇ;
ಅಲ್ಲಿ ಬೆರಳೇ ಕಣ್ಣು, ಬೈಗುಳವೇ ಎಣ್ಣೆ.
ಗೇರುಪೆಟ್ಟಿಗೆ ಜಾಕಿನ ಮೇಲೆ ಕೂತು
ಒಲ್ಲೆ ಒಲ್ಲೆ ಎನ್ನುತ್ತ ಗೇಣಿನಷ್ಟು ಹಿಂದೆ ಸರಿದಾಗ
ಮುಖಕ್ಕೆ ರಾಚಿತು
ಸುಟ್ಟ ಕೂದಲಿನ ವಾಸನೆ.

ಅಲ್ಲಿತ್ತು: ನೀಲಿಗಟ್ಟಿದ ಕಾವಲಿಯಂಥ ಉಕ್ಕು,
ಅದಕ್ಕೆ ಆತುಕೊಂಡು ತಟ್ಟೆ,
ರಿವೆಟ್ಟಿನ ತಲೆಯವರೆಗೂ ಸವೆದು, ಗಾಜಿನಂತೆ ನುಣುಪಾಗಿ.
ಒಂದು ಸುತ್ತುತ್ತಿರುತ್ತದೆ, ಇನ್ನೊಂದು ನಿಂತಿರುತ್ತದೆ.
ನಡುವೆ ಇದು, ಎರಡಕ್ಕೂ ಮೈಕೊಟ್ಟು,
ಸ್ವಲ್ಪ ಹೊತ್ತು ಉರಿದು
ಇಬ್ಬರನ್ನೂ ಒಂದು ಮಾಡಬೇಕು.

ಇಡ್ವಾಲ್ ಮಾವ ಸಿಗರೇಟು ಬಾಯಲ್ಲಿಟ್ಟೇ ಹೇಳುತ್ತಿದ್ದ:
"ಇದು ಇರೋದೇ ಸೋಲಲಿಕ್ಕೆ, ಹುಡುಗಿ.
ಇದು ಜಾರಿತು, ಅದಕ್ಕೇ ಒಳಗಿನ ಹಲ್ಲು ಉಳಿದವು.
ಜಾರದ್ದನ್ನು ಹಾಕಿದೆಯೋ,
ಮುರಿಯುವ ಸರದಿ ಮುಂದಿನವನಿಗೆ."
ಮಾವನ ಮಾತನ್ನು ಹಾಗೇ ಫೋನಿನಲ್ಲಿ ಒಪ್ಪಿಸಿದೆ.
"ಜಾರದ್ದನ್ನೇ ಹಾಕು" ಎಂದ ಗೆಥಿನ್.

ಹಾಕಿದೆ. ಒಂದೇ ತುಂಡಿನ ಹೊಸ ಚಕ್ರ,
ತೊಡೆ ನಡುಗಿಸುವ ಬಿಗಿ ಸ್ಪ್ರಿಂಗು,
ಪ್ಲಾಸ್ಟಿಕ್ಕಿನ ಕಡ್ಡಿ ತೂರಿಸಿ ನಡುವಿಗೆ ನಡು ಸೇರಿಸಿ
ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ.
ಈಗ ನಿಂತಲ್ಲಿ ಕಾರು ಗೊಟಗೊಟ ಅನ್ನುತ್ತದೆ,
ಡಬ್ಬಿಯಲ್ಲಿ ಗುಂಡಿ ಹಾಕಿ ಅಲ್ಲಾಡಿಸಿದ ಹಾಗೆ.
ಕೆಟ್ಟಿಲ್ಲ. ಅದರ ಸ್ವಭಾವವೇ ಈಗ ಹಾಗೆ.

ಶನಿವಾರ ಬೆಳಿಗ್ಗೆ ಇಬ್ಬರೂ ಬಂದರು.
ನೆರಿಸ್ ಬ್ಯಾಂಗರಿನ ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ
ಯಾರದೋ ವ್ಯಾನಿನಲ್ಲಿ ಇಳಿದವಳು, ಕೊರಳಲ್ಲಿ ಗುರುತಿನ ಚೀಟಿ.
ಆಗ ನೆನಪಾಯಿತು ನನಗೆ:
ಈ ಕಾರು ವಾರಕ್ಕೆ ಐದು ದಿನ ಅವಳದು.
ಕೇಳಬೇಕಿತ್ತು. ಕೇಳಿರಲಿಲ್ಲ.
ಕೂತಳು. ಎಡಗಾಲು ಒತ್ತಿದಳು. ಹುಬ್ಬು ಮೇಲೇರಿತು.
ಮೊದಲ ಸಲ ಕಾರು ನೆಗೆದು ಸತ್ತಿತು.
ಎರಡನೇ ಸಲವೂ.
"ಯಾರ ಕಾಲಿಗೆ ಹೊಲಿದಿದ್ದೀರಿ ಇದನ್ನ?"
ಗೆಥಿನ್ ಟೈರುಗಳ ರಾಶಿ ನೋಡತೊಡಗಿದ.
ಮೂರನೆಯ ಸಲ ಬೂಟು ಬಿಚ್ಚಿ ಪಕ್ಕದ ಸೀಟಿಗೆ ಎಸೆದು
ಬರೀ ಕಾಲ್ಚೀಲದಲ್ಲಿ, ಕಣ್ಣು ಮುಚ್ಚಿ,
ಕೂಸಿನ ನಾಡಿ ಹುಡುಕುವವಳ ಹಾಗೆ
ಮೆಲ್ಲಗೆ, ಮೆಲ್ಲಗೆ ಬಿಡುತ್ತ
ಸಿಕ್ಕಿತು ಅವಳಿಗೆ, ಅದು ಕಚ್ಚುವ ಜಾಗ.

"ಐನೂರು ಮೈಲಿ ಹದವಾಗಿ ಓಡಿಸಬೇಕು" ಎಂದೆ ಕಿಟಕಿಗೆ ಬಾಗಿ,
"ಒತ್ತಿ ತುಳಿಯುವ ಹಾಗಿಲ್ಲ."
"ಹಾಗಾದರೆ ಆ ಐನೂರೂ ನನ್ನವು.
ಅವನಿಗೆ ಮೆಲ್ಲಗೆ ಬರುವುದಿಲ್ಲ."

ಹೊರಟೇಹೋದಳು.
ಅಂಗಳದಲ್ಲಿ ಗೆಥಿನ್ ಉಳಿದ,
ಕೈಯಲ್ಲಿ ಹಳೆಯ ತಟ್ಟೆ,
ಎಲ್ಲಿಡಬೇಕೆಂದು ತಿಳಿಯದೆ.
ಅವನ ಮನೆ ಇಲ್ಲಿಗೆ ಎರಡು ಮೈಲಿ. ಪೂರ್ತಿ ಏರು.